ಸಿಪ್ಪೆಯ ಮೇಲಿನ ಔಷಧ ಹಿಡಿಯಲು ಚಿನ್ನದ ಕಣ

ಬಿತ್ತನೆ ಬೀಜಕ್ಕೆ ಸವರುವ ಶಿಲೀಂಧ್ರನಾಶಕ ಥೈರಮ್ ನಮ್ಮ ರೈತರಿಗೆ ಹೊಸದಲ್ಲ. ಹಣ್ಣಿನ ಸಿಪ್ಪೆಯ ಮೇಲೆ ಅದರ ಅಂಶ ಚೂರೇ ಉಳಿದಿದ್ದರೂ ಚಿನ್ನದ ನ್ಯಾನೊ ಕಣಗಳಿಂದ ಪತ್ತೆ ಮಾಡಬಹುದು. ಇದು ರಾಮನ್ ಸ್ಪೆಕ್ಟ್ರೋಮೀಟರ್ (ಚದುರಿದ ಬೆಳಕಿನ ಬಣ್ಣ ಅಳೆಯುವ ಯಂತ್ರ) ಇರುವ ಲ್ಯಾಬಿನ ಕೆಲಸ, ಮನೆಯಲ್ಲಿ ಬೇಡ.

ಅಣುವಿಗೆ ಬಡಿದು ಚದುರುವ ಬೆಳಕಿನಲ್ಲಿ ಹೆಚ್ಚುಕಡಿಮೆ ಕೋಟಿಗೊಂದು ಪಾಲು ಮಾತ್ರ ಬಣ್ಣ ಬದಲಿಸುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕಂಡಿದ್ದು ಇದನ್ನೇ. ಯಾವ ಅಣು ಅಂತ ಹೇಳುವುದೂ ಈ ಬದಲಾವಣೆಯೇ. ಎರಡು ಚಿನ್ನದ ಕಣಗಳ ನಡುವಿನ ಕಿರಿದಾದ ಸಂದಿಯಲ್ಲಿ ಅಣು ಸಿಕ್ಕಿಕೊಂಡರೆ ಆ ಬೆಳಕು ಲಕ್ಷಾಂತರ ಪಟ್ಟು ಜಾಸ್ತಿಯಾಗುತ್ತದೆ.

ಮೊದಲು ಕಣ ತಯಾರಿಸಿ. ಗಾಜಿನ ಪಾತ್ರೆ ಚೊಕ್ಕಟವಾಗಿರಬೇಕು, ಕೊಳೆಯಿದ್ದರೆ ಕಣಗಳು ಕೆಡುತ್ತವೆ. ಚಿನ್ನದ ಅಂಶವಿರುವ ಕ್ಲೋರೋಆರಿಕ್ ಆಸಿಡ್‌ನ ಶೇ 0.01ರ ದ್ರಾವಣ 50 ಮಿಲಿಲೀಟರ್ ಕುದಿಸಿ. ಅದಕ್ಕೆ ಶೇ 1ರ ಸೋಡಿಯಂ ಸಿಟ್ರೇಟ್ ಅರ್ಧ ಮಿಲಿಲೀಟರ್ ಹಾಕಿ. ತಿಳಿ ಹಳದಿ ಮಾಯವಾಗಿ, ಮಂಕು ನೀಲಿ ಮೂಡಿ, ನೋಡನೋಡುತ್ತಲೇ ಪುನರ್ಪುಳಿ ಶರಬತ್ತಿನ ಕೆಂಪಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ಸಾಕೆನಿಸದ ಗಳಿಗೆ ಇದು! ಕಣದ ಗಾತ್ರ ಸುಮಾರು 40 ನ್ಯಾನೊಮೀಟರ್. ಸಿಟ್ರೇಟ್ ಕಡಿಮೆ ಹಾಕಿದರೆ ಕಣ ದಪ್ಪಗಾಗುತ್ತದೆ.

ದ್ರಾವಣ ತಣ್ಣಗಾಗಲಿ. ಎಥನಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಸಿಪ್ಪೆ ಒರೆಸಿ, ಹತ್ತಿಯನ್ನು ಸ್ವಲ್ಪ ಎಥನಾಲ್‌ನಲ್ಲೇ ಹಿಂಡಿ, ಆ ರಸವನ್ನು ಚಿನ್ನದ ದ್ರಾವಣಕ್ಕೆ ಬೆರೆಸಿ. ಥೈರಮ್‌ನಲ್ಲಿ ಗಂಧಕ ಇದೆಯಲ್ಲ, ಅದು ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಕೈಚಳಕ ಬೇಕಾಗುವುದು ಈಗ. ಸಿಟ್ರೇಟ್ ಕೊಟ್ಟ ಋಣ ವಿದ್ಯುದಂಶದಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪುನೀರು ಆ ತಳ್ಳಾಟ ತಗ್ಗಿಸಿ ಅವನ್ನು ಹತ್ತಿರ ತರುತ್ತದೆ. ಒಂದೊಂದೇ ಹನಿ ಹಾಕಿ. ಕೆಂಪು ನೇರಳೆಗೆ ತಿರುಗಿದಾಗ ನಿಲ್ಲಿಸಿ. ಕಡುನೀಲಿಯಾಗಿ ತಳಕ್ಕೆ ಕೂತರೆ ಅದನ್ನು ಚೆಲ್ಲಿ ಹೊಸದಾಗಿ ಶುರು ಮಾಡಿ. ಪ್ರತಿ ಮಾದರಿಗೂ ಅಷ್ಟೇ ಉಪ್ಪು, ಅಷ್ಟೇ ಹೊತ್ತು ಇರಲಿ, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ.

785 ನ್ಯಾನೊಮೀಟರ್ ಲೇಸರ್ ಹಾಯಿಸಿ, ರಕ್ಷಣಾ ಕನ್ನಡಕ ಮರೆಯಬೇಡಿ. ಗ್ರಾಫಿನಲ್ಲಿ 1380 cm⁻¹ (ಬೆಳಕಿನ ಬದಲಾವಣೆ ಅಳೆಯುವ ಮಾನ) ಆಸುಪಾಸು ಎತ್ತರದ ಶಿಖರ ಎದ್ದರೆ ಥೈರಮ್ ಇರುವ ಸಾಧ್ಯತೆ ಹೆಚ್ಚು. ಆದರೆ ಸಿಟ್ರೇಟ್ ಕೂಡ 1400ರ ಹತ್ತಿರ ಗೆರೆ ತೋರಿಸುತ್ತದೆ. ಹಾಗಾಗಿ ಸಿಪ್ಪೆಯ ರಸವಿಲ್ಲದ ಖಾಲಿ ಮಾದರಿಯನ್ನೂ ಓದಿಸಲೇಬೇಕು. ಇನ್ನೊಂದು ಮಾತು: ಚಿನ್ನದ ಮೇಲೆ ಥೈರಮ್ ಎರಡು ತುಂಡಾಗುತ್ತದೆ. ಜೈರಮ್ ಎಂಬ ಔಷಧವೂ ಅದೇ ತುಂಡನ್ನು ಬಿಡುತ್ತದೆ. ಎರಡರಲ್ಲಿ ಯಾವುದು ಅಂತ ಖಚಿತವಾಗಬೇಕಾದರೆ ಮಾದರಿಯನ್ನು ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಕ್ರೊಮ್ಯಾಟೊಗ್ರಫಿ ಪರೀಕ್ಷೆಗೂ ಕೊಡಿ.