ಪೈಲಟ್ ಕುಟುಂಬ ಪರದೇಶದಲ್ಲಿ ಸಂಸಾರ ಹೂಡುವುದು ಹೇಗೆ?

ವಿದೇಶಿ ಏರ್‌ಲೈನ್‌ನಲ್ಲಿ ಪೈಲಟ್ ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಸಂಬಳದ ಮಾತು, ಊರಿನ ಮಾತು, ಯಾವ ವಿಮಾನ ಅನ್ನುವ ಮಾತು ಶುರುವಾಗುತ್ತದೆ. ಜೊತೆಗೆ ಹೋಗುವ ಗಂಡನೋ ಹೆಂಡತಿಯೋ ಅಲ್ಲಿ ದಿನ ಹೇಗೆ ದೂಡಬೇಕು ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ತೊಂದರೆ ಹುಟ್ಟುವುದೇ ಅಲ್ಲಿ. ಬೇರೆ ನೌಕರಿಯವರು ಸಂಜೆ ಮನೆಗೆ ಬರುತ್ತಾರೆ, ಬಾಕಿ ಸಹಿ ಹಾಕುತ್ತಾರೆ. ಪೈಲಟ್ ಮನೆಯಲ್ಲಿ ಸಹಿ ಹಾಕಬೇಕಾದವರು ತಿಂಗಳಲ್ಲಿ ಎಷ್ಟೋ ದಿನ ಊರಲ್ಲೇ ಇರುವುದಿಲ್ಲ. ಇದ್ದಾಗಲೂ ಹಗಲೆಲ್ಲ ಮಲಗಿರಬಹುದು.

ನಾನೂ ಪೈಲಟ್ ಮನೆಯವಳು. ಹೊಸದಾಗಿ ಬಂದ ಎಷ್ಟೋ ಜೋಡಿಗಳು ಒಂದೇ ಜಾಗದಲ್ಲಿ ಎಡವುವುದನ್ನು ನೋಡಿದ್ದೇನೆ. ಹಾಗಾಗಿ ಸುಲಭದ ಹೆಜ್ಜೆಗಳನ್ನು ಬೇಗ ಮುಗಿಸಿ, ಆ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹೆಜ್ಜೆ 1: ಲೈಸೆನ್ಸ್

ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಲೈಸೆನ್ಸ್ ಬೇಕು, ಇಲ್ಲವೇ ಇರುವ ಲೈಸೆನ್ಸಿಗೆ ಆ ದೇಶದ ಮಾನ್ಯತೆ ಬೇಕು. 1944ರ ಶಿಕಾಗೊ ಒಪ್ಪಂದ ಹೇಳುವುದೇ ಇದು. ವ್ಯಾಲಿಡೇಷನ್ ಅಂದರೆ ತಾತ್ಕಾಲಿಕ ಒಪ್ಪಿಗೆ. ಕನ್ವರ್ಷನ್ ಅಂದರೆ ಅಲ್ಲಿನ ಲೈಸೆನ್ಸನ್ನೇ ಪಡೆಯುವುದು. ಅದಕ್ಕೆ ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲ ಇರುತ್ತದೆ. ಹಳೆಯ ದೇಶದ ಇಲಾಖೆ ಹೊಸ ದೇಶದ ಇಲಾಖೆಗೆ ಕಳಿಸಬೇಕಾದ ದೃಢೀಕರಣ ಪತ್ರ ತಡವಾಗುವುದು ಮಾಮೂಲು. ಅದಕ್ಕೆ ಅರ್ಜಿ ಮೊದಲು ಹಾಕಿ, ಮಿಕ್ಕಿದ್ದು ಆಮೇಲೆ.

ಇಂಗ್ಲಿಷ್ ಮಟ್ಟದ ದಿನಾಂಕವನ್ನೂ ನೋಡಿಕೊಳ್ಳಿ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯಾದ ಐಸಿಎಒ ಶಿಫಾರಸಿನಂತೆ 4ನೇ ಮಟ್ಟದವರು 3 ವರ್ಷಕ್ಕೊಮ್ಮೆ, 5ನೇ ಮಟ್ಟದವರು 6 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು. ಹೊಸ ಲೈಸೆನ್ಸ್ ಬಂತು ಅಂತ ಹಳೆಯದನ್ನು ಸಾಯಲು ಬಿಡಬೇಡಿ. ವಾಪಸ್ ಹೋಗುವ ದಿನ ಬಂದರೆ ಅದೇ ನಿಮ್ಮ ಅನ್ನ.

ಹೆಜ್ಜೆ 2: ಮದುವೆ ಪ್ರಮಾಣಪತ್ರ

ಸಂಗಾತಿಯ ವೀಸಾ ನಿಂತಿರುವುದು ಈ ಒಂದು ಕಾಗದದ ಮೇಲೆ. ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಮುದ್ರೆ ಕೂರುವುದಿಲ್ಲ, ಹಿಂಬದಿಗೆ ಚೀಟಿ ಅಂಟಿಸಲು ಆಗುವುದಿಲ್ಲ, ಕೌಂಟರ್‌ನಲ್ಲಿ ವಾಪಸ್ ಕೊಡುತ್ತಾರೆ. ಆಗಲೇ ಮಾಡಿಸಿದ್ದರೆ ಸುಲಿಯಲು ಹೋಗದೆ ನೋಂದಣಿ ಕಚೇರಿಯಿಂದ ಹೊಸ ಪ್ರತಿ ತೆಗೆದುಕೊಳ್ಳಿ.

ಹೋಗುವ ದೇಶ 1961ರ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿದೆಯೇ, ನಿಮ್ಮ ದೇಶದ ಜೊತೆ ಅದು ಅನ್ವಯಿಸುತ್ತದೆಯೇ ನೋಡಿ. ಇದ್ದರೆ ಒಂದೇ ಮುದ್ರೆ ಸಾಕು. ಇಲ್ಲದಿದ್ದರೆ ವಿದೇಶಾಂಗ ಇಲಾಖೆ, ಆಮೇಲೆ ಆ ದೇಶದ ರಾಯಭಾರ ಕಚೇರಿ ಅಂತ ಒಂದೊಂದೇ ಬಾಗಿಲು ತಟ್ಟಬೇಕು. ಹಳಬರು ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ. ಚೀನಾದಲ್ಲಿ ಈ ಒಪ್ಪಂದ ಜಾರಿಗೆ ಬಂದಿದ್ದೇ 2023ರ ನವೆಂಬರ್‌ನಲ್ಲಿ; ಆಗಲೂ ಭಾರತದ ಕಾಗದಗಳಿಗೆ ಅದು ಅನ್ವಯವಾಗಲಿಲ್ಲ. ಎರಡು ದಿನದಲ್ಲಿ ಎಲ್ಲ ಮುದ್ರೆ ಹಾಕಿಸಿಕೊಡುತ್ತೇವೆ ಅನ್ನುವ ಏಜೆಂಟರನ್ನು ದೂರ ಇಡಿ. ನಕಲಿ ಮುದ್ರೆ ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ನಿಮ್ಮ ವೀಸಾಕ್ಕೆ.

ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು, ಮದುವೆ ಪತ್ರದಲ್ಲಿ ಇನಿಷಿಯಲ್ ಇದ್ದರೆ ಹೊರಡುವ ಮುಂಚೆಯೇ ಸರಿಪಡಿಸಿ. ಅಲ್ಲಿ ಹೋದ ಮೇಲೆ ಇದು ದೊಡ್ಡ ತಲೆನೋವು.

ಹೆಜ್ಜೆ 3: ಇಬ್ಬರೂ ಒಂದೇ ದಿನ ಹೊರಡಬೇಡಿ

ಪೈಲಟ್ ಮೊದಲು ಹೋಗಲಿ. ಶುರುವಿನ ವಾರಗಳಲ್ಲಿ ತರಗತಿ, ಸಿಮ್ಯುಲೇಟರ್, ಪರೀಕ್ಷೆ. ಮನೆಗೆ ಬಂದರೂ ತಲೆ ಪುಸ್ತಕದಲ್ಲೇ ಇರುತ್ತದೆ. ಆ ದೇಶದ ಗುರುತಿನ ಚೀಟಿ ಕೈಗೆ ಬಂದು, ಸಿಮ್ಯುಲೇಟರ್ ಪರೀಕ್ಷೆ ಮುಗಿದ ಮೇಲೆ ಸಂಗಾತಿ ಬರುವುದು ಒಳ್ಳೆಯದು. ಆದರೆ ಮನೆಯನ್ನು ಪೈಲಟ್ ಒಬ್ಬರೇ ಆರಿಸಬಾರದು. ಆ ಮನೆಯಲ್ಲಿ ಜಾಸ್ತಿ ಹೊತ್ತು ಇರುವವರು ಅವರಲ್ಲ, ಅಲ್ವಾ?

ಹೆಜ್ಜೆ 4: ಮನೆ

ಬಾಡಿಗೆ ಮನೆ ಹಿಡಿಯಿರಿ, ಕೊಳ್ಳಬೇಡಿ. ಮಲಗುವ ಕೋಣೆ ರಸ್ತೆ ಕಡೆಗೆ ಬೇಡ, ಲಿಫ್ಟ್ ಪಕ್ಕ ಬೇಡ. ಹೋಮ್ ಸ್ಟ್ಯಾಂಡ್‌ಬೈ ಅಂದರೆ ಮನೆಯಲ್ಲೇ ಕಂಪನಿಯ ಕರೆಗೆ ಕಾಯುವ ದಿನ. ಕರೆ ಬಂದರೆ ಕಂಪನಿ ಹೇಳಿದ ಹೊತ್ತಿನೊಳಗೆ ಏರ್‌ಪೋರ್ಟ್ ತಲುಪಬೇಕು. ಆ ದೂರವನ್ನು ಜನ ಓಡಾಡುವ ಹೊತ್ತಿನಲ್ಲೇ ಅಳೆಯಿರಿ. ‘ಬ್ಲ್ಯಾಕೌಟ್’ ಅಂತ ಮಾರುವ ಅಗ್ಗದ ಪರದೆಗಳು ಸುಮ್ನೆ ದುಡ್ಡು ದಂಡ. ಬಟ್ಟೆ ಬೆಳಕು ತಡೆಯುತ್ತದೆ, ಅಂಚುಗಳು ತಡೆಯುವುದಿಲ್ಲ. ಗೋಡೆಗೆ ತಾಗುವ ಹಾಗೆ ಎರಡೂ ಪಕ್ಕ ಒಂದೊಂದು ಗೇಣು ಅಗಲ ಜಾಸ್ತಿ ಇರುವ ಪರದೆಯನ್ನೇ ಹಾಕಿಸಿ.

ಹೆಜ್ಜೆ 5: ಪೈಲಟ್ ಇಲ್ಲದೆಯೂ ನಡೆಯುವ ಮನೆ

ಎಡವುವುದು ಇಲ್ಲೇ. ಹೊಸ ದೇಶದಲ್ಲಿ ಎಲ್ಲವೂ ಮೊದಲು ಪೈಲಟ್ ಹೆಸರಿನಲ್ಲಿ ಆಗುತ್ತದೆ. ಗುರುತಿನ ಚೀಟಿ ಅವರದು, ಅದರ ಮೇಲೆ ಸಿಮ್, ಸಿಮ್ ಮೇಲೆ ಬ್ಯಾಂಕ್ ಖಾತೆ, ಖಾತೆ ತೋರಿಸಿ ಬಾಡಿಗೆ ಕರಾರು, ಕರಾರು ತೋರಿಸಿ ಕರೆಂಟು, ನೀರು, ಇಂಟರ್‌ನೆಟ್. ಒಂದು ಕಾಗದಕ್ಕೆ ಇನ್ನೊಂದು ಗಂಟು. ಸಂಗಾತಿ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಯಾವುದರಲ್ಲೂ ಅವರ ಹೆಸರಿರುವುದಿಲ್ಲ.

ಆಮೇಲೆ ಒಂದು ರಾತ್ರಿ ಮಗುವಿಗೆ ಜ್ವರ ಅಂದುಕೊಳ್ಳಿ. ಆಸ್ಪತ್ರೆಯಲ್ಲಿ ಕಾರ್ಡ್ ಉಜ್ಜಿದರೆ ಒಟಿಪಿ ಕೇಳುತ್ತದೆ. ಒಟಿಪಿ ಹೋಗುವುದು 35,000 ಅಡಿ ಮೇಲೆ ಫ್ಲೈಟ್ ಮೋಡ್‌ನಲ್ಲಿರುವ ಫೋನಿಗೆ. ವಿಮೆಯ ಒಪ್ಪಿಗೆಯ ಸಂದೇಶವೂ ಅಲ್ಲಿಗೇ. ಪೈಲಟ್ ಇಳಿದು ಹೋಟೆಲ್ ಸೇರುವ ತನಕ ಕೌಂಟರ್ ಮುಂದೆ ಕಾಯುವುದೇ ಕೆಲಸ.

ಇದನ್ನು ತಪ್ಪಿಸಲು ಕ್ರಮವಾಗಿ ಹೀಗೆ ಮಾಡಿ. ಸಂಗಾತಿಗೆ ಗುರುತಿನ ಚೀಟಿ ಬಂದ ವಾರದಲ್ಲೇ ಅವರ ಹೆಸರಿನಲ್ಲಿ, ಅವರದೇ ಚೀಟಿಯ ಮೇಲೆ ಸಿಮ್ ತೆಗೆದುಕೊಳ್ಳಿ. ಪೈಲಟ್ ಹೆಸರಿನ ಎರಡನೇ ಸಿಮ್ ಕೊಟ್ಟರೆ ಆಗುವುದಿಲ್ಲ. ಬ್ಯಾಂಕಿನವರು ಹೆಸರು ತಾಳೆ ನೋಡುತ್ತಾರೆ. ಆಮೇಲೆ ಎರಡು ಖಾತೆ. ಒಂದು ಜಂಟಿ ಖಾತೆ, ‘ಇಬ್ಬರಲ್ಲಿ ಯಾರಾದರೂ’ ತೆಗೆಯಬಹುದಾದ ಬಗೆಯದು. ಇನ್ನೊಂದು ಸಂಗಾತಿಯ ಹೆಸರಿನಲ್ಲಿ ಮಾತ್ರ; ಅದರಲ್ಲಿ ಮೂರು ತಿಂಗಳ ಖರ್ಚಿನಷ್ಟು ಹಣ ಯಾವಾಗಲೂ ಇರಲಿ. ಕೆಲವು ದೇಶಗಳಲ್ಲಿ ಖಾತೆದಾರರು ತೀರಿಕೊಂಡರೆ ಕೋರ್ಟ್ ಆದೇಶ ಬರುವ ತನಕ ಖಾತೆ ಮುಟ್ಟಲು ಬಿಡುವುದಿಲ್ಲ, ಜಂಟಿ ಖಾತೆಗೂ ಇದು ಅನ್ವಯಿಸಬಹುದು. ಅದಕ್ಕೇ ಎರಡನೆಯ ಖಾತೆ. ಇದನ್ನು ಮಾತಾಡಲು ಕಷ್ಟ, ಆದರೂ ಮಾತಾಡಿ.

ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ‘ಒಬ್ಬರದು ಸಾಕು ಬಿಡಿ’ ಅನ್ನುತ್ತಾರೆ ಮನೆ ಮಾಲೀಕರು. ಸಾಲದು ಅನ್ನಿ. ನೀರು ಸೋರಿದ ದಿನ, ಬೀಗ ಕೆಟ್ಟ ದಿನ ‘ಕರಾರಿನಲ್ಲಿ ಹೆಸರಿರುವವರೇ ಕರೆ ಮಾಡಬೇಕು’ ಅನ್ನುವವರೂ ಅವರೇ. ಇಂಟರ್‌ನೆಟ್, ಕಾರಿನ ವಿಮೆ, ಮಕ್ಕಳಿದ್ದರೆ ಶಾಲೆಯಿಂದ ಕರೆದುಕೊಂಡು ಬರುವ ಅನುಮತಿ, ಎಲ್ಲದರಲ್ಲೂ ಸಂಗಾತಿಯ ಹೆಸರು ಸೇರಿಸಿ. ಇದೆಲ್ಲದರ ಮೇಲೆ ಒಂದು ಪವರ್ ಆಫ್ ಅಟಾರ್ನಿ ಮಾಡಿಸಿ. ಎಲ್ಲಿಂದಲೋ ಇಳಿಸಿಕೊಂಡ ನಮೂನೆ ಬೇಡ. ಬ್ಯಾಂಕು ತನ್ನದೇ ನಮೂನೆ ಕೇಳಬಹುದು, ಮೊದಲು ಅದನ್ನು ವಿಚಾರಿಸಿ.

ಒಂದು ಅಡ್ಡದಾರಿಯನ್ನು ತುಂಬಾ ಮನೆಗಳಲ್ಲಿ ನೋಡುತ್ತೇನೆ. ಪೈಲಟ್ ತಮ್ಮ ಸಿಮ್ ಇರುವ ಫೋನನ್ನು ಮನೆಯಲ್ಲೇ ಬಿಟ್ಟು ಇನ್ನೊಂದು ಫೋನ್ ಹಿಡಿದು ಹೋಗುತ್ತಾರೆ. ಒಟಿಪಿಯನ್ನು ಯಾರಿಗೂ ಕೊಡಬೇಡಿ ಅನ್ನುವುದು ಬ್ಯಾಂಕಿನ ನಿಯಮ, ಮನೆಯವರಿಗೆ ಅಂತ ಅದರಲ್ಲಿ ರಿಯಾಯಿತಿ ಇರುವುದಿಲ್ಲ. ಮೇಲಾಗಿ ಆ್ಯಪ್ ಮುಖ ತೋರಿಸಿ ಅಂದ ದಿನ ಈ ಉಪಾಯ ಅಲ್ಲಿಗೇ ನಿಲ್ಲುತ್ತದೆ.

ಎಲ್ಲ ಆಯಿತು ಅನ್ನಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಪೈಲಟ್ ರಜೆಯಲ್ಲಿದ್ದಾಗ ಅವರ ಫೋನ್ ಆಫ್ ಮಾಡಿ ಬೀರುವಿನಲ್ಲಿಡಿ. ಮೂರು ದಿನ ಸಂಗಾತಿಯೊಬ್ಬರೇ ಮನೆ ನಡೆಸಲಿ. ಬಿಲ್ ಕಟ್ಟಲಿ, ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲಿ, ರಿಪೇರಿಯವರನ್ನು ಕರೆಸಲಿ. ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಚೀಟಿಯಲ್ಲಿ ಬರೆದಿಟ್ಟು, ನಾಲ್ಕನೇ ದಿನ ಇಬ್ಬರೂ ಹೋಗಿ ಅಷ್ಟನ್ನೂ ಸರಿ ಮಾಡಿಸಿ.

ಪೈಲಟ್‌ಗಳ ಡ್ಯೂಟಿ ನೋಡಿಕೊಳ್ಳುವ ಕಂಪನಿ ವಿಭಾಗವಾದ ಕ್ರೂ ಕಂಟ್ರೋಲ್‌ನ 24 ಗಂಟೆಯ ನಂಬರ್ ಸಂಗಾತಿಯ ಫೋನಿನಲ್ಲಿರಬೇಕು. ತೀರಾ ತುರ್ತಾದರೆ ಪೈಲಟ್ ಎಲ್ಲಿದ್ದರೂ ಸುದ್ದಿ ಮುಟ್ಟಿಸುವ ದಾರಿ ಅವರಿಗೆ ಗೊತ್ತು. ಯಾವ ಸುದ್ದಿ ತಕ್ಷಣ ಹೇಳಬೇಕು, ಯಾವುದು ವಿಮಾನ ಇಳಿಯುವ ತನಕ ಕಾಯಬೇಕು ಅನ್ನುವುದನ್ನು ಇಬ್ಬರೂ ಕೂತು ಮೊದಲೇ ತೀರ್ಮಾನಿಸಿ. ನನ್ನ ಮಾತು ಕೇಳುವುದಾದರೆ, ಪೈಲಟ್ ಮೇಲಿದ್ದುಕೊಂಡು ಏನೂ ಮಾಡಲಾಗದ ಸುದ್ದಿ ಕಾಯಲಿ. ಅವರ ಹಿಂದೆ ನೂರಾರು ಜನ ಕೂತಿರುತ್ತಾರೆ.

ಹೆಜ್ಜೆ 6: ರೋಸ್ಟರ್ ಓದಲು ಕಲಿಯಿರಿ

ರೋಸ್ಟರ್ ಅಂದರೆ ಡ್ಯೂಟಿಯ ಪಟ್ಟಿ. ಅದು ಪೈಲಟ್‌ಗೆ ಮಾತ್ರ ಅಂದುಕೊಳ್ಳಬೇಡಿ. ಮನೆಯ ಕ್ಯಾಲೆಂಡರ್ ಅದೇ. ಅನೇಕ ಕಂಪನಿಗಳು ಅದರಲ್ಲಿ ಯುಟಿಸಿ ಸಮಯ (ಇಡೀ ಜಗತ್ತಿಗೆ ಒಂದೇ ಆದ ಅಂತರರಾಷ್ಟ್ರೀಯ ಸಮಯ) ಹಾಕುತ್ತವೆ. ಉದಾಹರಣೆಗೆ ಬೇಸ್, ಅಂದರೆ ಪೈಲಟ್ ಡ್ಯೂಟಿಗೆ ಹೊರಡುವ ನೆಲೆಯ ಊರು, ದೋಹಾ ಅಂದುಕೊಳ್ಳಿ, ಅಲ್ಲಿನ ಗಡಿಯಾರ ಯುಟಿಸಿಗಿಂತ 3 ಗಂಟೆ ಮುಂದೆ. ರೋಸ್ಟರ್‌ನಲ್ಲಿ 12ನೇ ತಾರೀಕು ರಿಪೋರ್ಟ್ (ಡ್ಯೂಟಿಗೆ ಹಾಜರಾಗುವ ಹೊತ್ತು) 22:10 ಅಂತಿದ್ದರೆ ಅಲ್ಲಿ ಆಗಲೇ 13ನೇ ತಾರೀಕು ನಡುರಾತ್ರಿ 1:10. ಮನೆ ಬಿಡುವುದು 12ರ ರಾತ್ರಿ. ಅಂದರೆ 12ರ ಮಧ್ಯಾಹ್ನದಿಂದ ಸಂಜೆಯ ತನಕ ನಿದ್ದೆಯಾಗಬೇಕು. ‘ಡ್ಯೂಟಿ 13ಕ್ಕೆ ತಾನೇ’ ಅಂತ 12ರ ಸಂಜೆ ನೆಂಟರನ್ನು ಊಟಕ್ಕೆ ಕರೆದರೆ ಆ ನಿದ್ದೆ ಹೋಯಿತು. ಹೊಸ ರೋಸ್ಟರ್ ಬಂದ ದಿನ ಇಬ್ಬರೂ ಕೂತು ಎಲ್ಲವನ್ನೂ ಸ್ಥಳೀಯ ಸಮಯಕ್ಕೆ ತಿರುಗಿಸಿ ಬರೆಯಿರಿ. ಮೂರು ಬಣ್ಣ ಸಾಕು: ಹಾರಾಟ, ಸ್ಟ್ಯಾಂಡ್‌ಬೈ, ನಿದ್ದೆ. ರಜೆಯ ದಿನ ಬಣ್ಣ ಬೇಡ, ಖಾಲಿ ಇರಲಿ.

ವಿಶ್ರಾಂತಿ ಬೇರೆ, ರಜೆ ಬೇರೆ. ಯುರೋಪಿನ ನಿಯಮದಲ್ಲಿ ಬೇಸ್‌ನಲ್ಲಿ ಮುಂದಿನ ಡ್ಯೂಟಿಗೆ ಮುಂಚೆ ಕನಿಷ್ಠ 12 ಗಂಟೆ, ಅಥವಾ ಹಿಂದಿನ ಡ್ಯೂಟಿ ಎಷ್ಟು ಉದ್ದವೋ ಅಷ್ಟು, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ವಿಶ್ರಾಂತಿ. ಆ 12 ಗಂಟೆಯಲ್ಲಿ ಓಡಾಟ, ಸ್ನಾನ, ಊಟ, 8 ಗಂಟೆ ನಿದ್ದೆ ಕಳೆದರೆ ಉಳಿಯುವುದು ತುಂಬಾ ಕಡಿಮೆ. ಅಷ್ಟರಲ್ಲಿ ಬ್ಯಾಂಕು, ಬಾಡಿಗೆ ಜಗಳ ಇಟ್ಟುಕೊಳ್ಳಬೇಡಿ. ಅದೇ ನಿಯಮಗಳ ಪ್ರಕಾರ ದೇಹ ಅತಿ ಮಂಕಾಗಿರುವುದು ರಾತ್ರಿ 2ರಿಂದ ಬೆಳಗ್ಗೆ 6ರ ನಡುವೆ. ಆ ಹೊತ್ತಿನಲ್ಲಿ ಹಾರಿ ಮನೆಗೆ ಬಂದವರು ಸಿಡುಕಿದರೆ ನಿಮ್ಮ ಮೇಲಿನ ಕೋಪ ಅಂದುಕೊಳ್ಳಬೇಡಿ. ಮಲಗಲು ಬಿಡಿ, ಎದ್ದ ಮೇಲೆ ಮಾತಾಡಿ. ಪೈಲಟ್‌ಗೂ ಒಂದು ಮಾತು: ವಾರವೆಲ್ಲ ಒಬ್ಬರೇ ಮನೆ ನೋಡಿಕೊಂಡವರಿಗೂ ದಣಿವಿರುತ್ತದೆ. ಖಾಲಿ ಬಿಟ್ಟ ದಿನಗಳಲ್ಲಿ ಒಂದನ್ನು ಪೂರ್ತಿ ಅವರಿಗೆ ಕೊಡಿ.

ಹೆಜ್ಜೆ 7: ಸಂಗಾತಿಯ ಕೆಲಸ

ಸಂಗಾತಿ ಅಲ್ಲಿ ಕೆಲಸ ಮಾಡಬಹುದೇ? ಪೈಲಟ್ ನೌಕರಿಯ ಕರಾರಿಗೆ ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು, ಹೋದ ಮೇಲೆ ಅಲ್ಲ. ಸಿಂಗಪುರದಲ್ಲಿ 2021ರ ಮೇ 1ರಿಂದ ಡಿಪೆಂಡೆಂಟ್ಸ್ ಪಾಸ್ (ನೌಕರರ ಜೊತೆ ಬಂದ ಮನೆಯವರಿಗೆ ಕೊಡುವ ಪಾಸ್) ಇದ್ದವರು ನೌಕರಿಗೆ ಸೇರಬೇಕಾದರೆ ತಮ್ಮದೇ ವರ್ಕ್ ಪಾಸ್ ಪಡೆಯಬೇಕು. ಹಾಂಗ್‌ಕಾಂಗ್‌ನಲ್ಲಿ ಉದ್ಯೋಗ ವೀಸಾದವರ ಸಂಗಾತಿಗೆ ಸಾಮಾನ್ಯವಾಗಿ ಅಂಥ ಅಡ್ಡಿಯಿಲ್ಲ. ಸಂಬಳ ಎರಡೂ ಕಡೆ ಒಂದೇ ಇದ್ದರೂ ಜೊತೆಗೆ ಹೋದವರ ಬದುಕು ಬೇರೆ ಬೇರೆ. ವೈದ್ಯರು, ವಕೀಲರು, ಶಿಕ್ಷಕರಾಗಿದ್ದರೆ ಅಲ್ಲಿನ ನೋಂದಣಿಗೆ ಎಷ್ಟು ಕಾಲ ಬೇಕು ಅನ್ನುವುದನ್ನೂ ವಿಚಾರಿಸಿ.

ಹೆಜ್ಜೆ 8: ಸ್ಟಾಫ್ ಟಿಕೆಟ್

ಏರ್‌ಲೈನ್ ತನ್ನ ನೌಕರರಿಗೂ ಅವರ ಮನೆಯವರಿಗೂ ಕಡಿಮೆ ದರಕ್ಕೆ ಕೊಡುವ, ಸೀಟು ಖಾಲಿ ಇದ್ದರೆ ಮಾತ್ರ ಸಿಗುವ ಟಿಕೆಟ್ ಅದು. ಮದುವೆ, ಪರೀಕ್ಷೆ, ಆಪರೇಷನ್ ಇದ್ದರೆ ದುಡ್ಡು ಕೊಟ್ಟು ಖಚಿತ ಟಿಕೆಟ್ ಕೊಳ್ಳಿ. ಶಾಲೆಗೆ ರಜೆ ಇರುವ ದಿನಗಳಲ್ಲಿ ಸ್ಟಾಫ್ ಟಿಕೆಟಿನ ಆಸೆ ಬಿಡಿ.

ಹೆಜ್ಜೆ 9: ಕೆಲಸ ಹೋದರೆ

2020ರಲ್ಲಿ ವಿಮಾನಗಳು ನಿಂತಾಗ ಪರದೇಶದಲ್ಲಿದ್ದ ಬಹಳಷ್ಟು ಪೈಲಟ್‌ಗಳು ಕೆಲಸ ಕಳೆದುಕೊಂಡರು. ಕೆಲಸದ ಜೊತೆ ಇಡೀ ಮನೆಯ ವೀಸಾ ಹೋಗುತ್ತದೆ. ಕೆಲಸ ಮುಗಿದ ಮೇಲೆ ದೇಶ ಬಿಡಲು ಎಷ್ಟು ದಿನ ಕೊಡುತ್ತಾರೆ, ಸಂಗಾತಿ ಮತ್ತು ಮಕ್ಕಳಿಗೂ ಅಷ್ಟೇ ದಿನವೇ, ಬಾಡಿಗೆ ಕರಾರು ನಡುವೆ ಮುರಿದರೆ ಏನು ಕಟ್ಟಬೇಕು, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಕರಾರಿಗೆ ಸಹಿ ಹಾಕುವಾಗಲೇ ‘ಕೆಲಸ ಹೋದರೆ ಇಷ್ಟು ನೋಟಿಸ್ ಕೊಟ್ಟು ಬಿಡಬಹುದು’ ಅನ್ನುವ ಸಾಲು ಸೇರಿಸಲು ಕೇಳಿ. ಕೆಲವರು ಒಪ್ಪುತ್ತಾರೆ.

ಮೆಡಿಕಲ್‌ನಲ್ಲಿ ಫೇಲಾದರೂ ಅದೇ ಗತಿ. ಲೈಸೆನ್ಸ್ ನಷ್ಟದ ವಿಮೆ ಮಾಡಿಸುವಾಗ ಒಂದು ವಿಷಯ ಓದಿ: ಹಣ ಕೊಡುವುದು ಲೈಸೆನ್ಸ್ ಕಾಯಂ ಹೋದರೆ ಮಾತ್ರವೋ, ಕೆಲವು ತಿಂಗಳು ಹಾರಲಾಗದಿದ್ದರೂ ಕೊಡುತ್ತಾರೋ? ಕಾಯಂ ಹೋದರೆ ಮಾತ್ರ ಅನ್ನುವ ಪಾಲಿಸಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಮನೆ ಕಂಗಾಲಾಗುವುದು ಮೊದಲ ಕೆಲವು ತಿಂಗಳಲ್ಲೇ.

ಉಯಿಲು ಎರಡೂ ದೇಶಗಳಲ್ಲಿ ನಡೆಯುವ ಹಾಗಿರಬೇಕು. ಒಂದು ಕಡೆ ಬರೆದದ್ದು ಇನ್ನೊಂದು ಕಡೆಯದನ್ನು ರದ್ದು ಮಾಡದಂತೆ ವಕೀಲರ ಹತ್ತಿರವೇ ಬರೆಸಿ. ಮಕ್ಕಳಿದ್ದರೆ ಇಬ್ಬರೂ ಇಲ್ಲವಾದಾಗ ನೋಡಿಕೊಳ್ಳುವವರ ಹೆಸರು, ಅವರು ಬಂದು ಸೇರುವ ತನಕ ಅದೇ ಊರಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವವರ ಹೆಸರು, ಎರಡೂ ಅದರಲ್ಲಿರಲಿ. ಆ ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟಿಡಿ.