ಹಳೆಯ ಊರಿನ ನಿವೇಶನದಲ್ಲಿ ಪಾಯ ತೋಡುವ ಮುನ್ನ ಉತ್ಖನನ

ಶಿವಮೊಗ್ಗದ ಕೋಟೆ ಭಾಗದಂಥ ಹಳೆಯ ನೆಲೆಯಲ್ಲಿ ವಸತಿ ಸಮುಚ್ಚಯ ಕಟ್ಟಲು ಹೊರಟಾಗ, ಪಾಯದ ಅಗೆತಕ್ಕೆ ಹಾಳಾಗುವ ಹಿಂದಿನವರ ಕುರುಹುಗಳನ್ನು ಉತ್ಖನನ ಮಾಡಿ ದಾಖಲಿಸಿಕೊಳ್ಳಲು ಮೊದಲು ಮುಗಿಸಬೇಕಾದುದು ಅನುಮತಿಯ ಕೆಲಸ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ರಕ್ಷಿತವಲ್ಲದ ಜಾಗದಲ್ಲಿ ರಾಜ್ಯ ಸರ್ಕಾರವೇ ಉತ್ಖನನ ನಡೆಸುವುದಿದ್ದರೂ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಕೇಂದ್ರದ ಪೂರ್ವಾನುಮತಿ ಬೇಕು; ಆದ್ದರಿಂದ ಮಾಲೀಕರು ತಾವೇ ಆಳು ಹಚ್ಚಿ ಅಗೆಸದೆ, ಪಾಯದ ಆಳ ಮತ್ತು ಹರವು ತೋರಿಸುವ ನಕ್ಷೆಯೊಡನೆ ರಾಜ್ಯದ ಪುರಾತತ್ತ್ವ ಇಲಾಖೆಗೆ ಸಾಕಷ್ಟು ಮುಂಚೆ ಬರೆಯಬೇಕು.

ಮಲೆನಾಡಿನಲ್ಲಿ ಅಗೆತಕ್ಕೆ ಒದಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಕಾಲ. ಆಗಲೂ ಒಂದು ಸಂಜೆಯ ಅಡ್ಡಮಳೆಗೆ ಗುಂಡಿಯ ಅಂಚು ಕುಸಿಯಬಹುದಾದ್ದರಿಂದ ಟಾರ್ಪಾಲಿನ ಚಪ್ಪರ ಮೊದಲೇ ಸಿದ್ಧವಿರಲಿ.

ಮೇಲಿನ ಕಾಂಕ್ರೀಟು, ಕೆಡವಿದ ಗೋಡೆಯ ಮಣ್ಣು ಇಷ್ಟನ್ನು ಮಾತ್ರ ಜೆಸಿಬಿಯಿಂದ, ಅದೂ ಹಲ್ಲಿಲ್ಲದ ಬಕೆಟ್ಟಿನಿಂದ ತೆಗೆಸಬಹುದು. ಅನಂತರ ಗೂಟ ಹೊಡೆದು, ದಾರ ಕಟ್ಟಿ, 5 ಮೀಟರಿನ ಚೌಕಗಳನ್ನು ಗುರುತಿಸಿ, ಅವುಗಳ ನಡುವೆ 1 ಮೀಟರ್ ಅಗಲದ ಬದುವನ್ನು ಅಗೆಯದೆ ಉಳಿಸುವುದು ರೂಢಿ. ಬೇರೆ ಬೇರೆ ಕಾಲದ ಮಣ್ಣಿನ ಪದರಗಳು ಕಾಣುವುದು ಆ ಬದುವಿನ ನೆಟ್ಟನೆಯ ಮುಖದಲ್ಲಿ. ಆದರೆ ಈ ಲೆಕ್ಕದಲ್ಲಿ ನೆಲದ ಸುಮಾರು ಮೂರನೇ ಒಂದು ಪಾಲು ಬದುವಿಗೇ ಹೋಗುತ್ತದೆ. ಇಕ್ಕಟ್ಟಾದ ನಿವೇಶನದಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು ಬದು ಬಿಟ್ಟು ಉಳಿದುದನ್ನು ಒಟ್ಟಿಗೆ ತೆರೆಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಊರಿನ ನೆಲದಲ್ಲಿ ಪದರಗಳು ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂತಿರುವುದಿಲ್ಲ. ಪ್ರತಿ ತಲೆಮಾರೂ ಪಾಯಕ್ಕೆ, ಬಾವಿಗೆ, ಕಸಕ್ಕೆ ಗುಂಡಿ ತೋಡಿ ಹಿಂದಿನವರ ನೆಲವನ್ನು ಕಡಿದಿರುತ್ತದೆ. ಯಾವ ಗುಂಡಿ ಯಾವ ಪದರವನ್ನು ಕಡಿದಿದೆ ಎಂಬುದನ್ನು ಅಗೆಯುವ ಮುನ್ನವೇ ಗುರುತಿಸದಿದ್ದರೆ ಎರಡು ಕಾಲದ ವಸ್ತುಗಳು ಒಂದೇ ಚೀಲ ಸೇರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಒಣಗಿದ ಮಣ್ಣೆಲ್ಲ ಒಂದೇ ಬಣ್ಣವಾಗಿ ತೋರುತ್ತದೆ. ಬೆಳಗ್ಗೆ ಕರಣೆಯಿಂದ ಹೆರೆದು ತೆಳುವಾಗಿ ನೀರು ಚಿಮುಕಿಸಿದರೆ ಕೆಂಪು ಜಂಬಿಟ್ಟಿಗೆ ಮಣ್ಣಿನ ನಡುವೆ ಬೂದಿ ಬಣ್ಣದ ಗುಂಡಿಯ ಬಾಯಿ ಸ್ಪಷ್ಟವಾಗುತ್ತದೆ. ಅದರ ನಡುವೆ ದಾರ ಎಳೆದು, ಒಂದು ಅರ್ಧವನ್ನಷ್ಟೇ ತೆಗೆದು, ಕೊರೆದು ನಿಂತ ಮುಖವನ್ನು ಅಳತೆಗೆ ಬರೆದುಕೊಂಡು, ಫೋಟೋ ತೆಗೆದ ಮೇಲೆಯೇ ಇನ್ನರ್ಧಕ್ಕೆ ಕೈ ಹಾಕಬೇಕು.

ಅಂಥ ಗುಂಡಿಯಲ್ಲಿ ಬೋಕಿ (ಒಡೆದ ಮಡಕೆಯ) ಚೂರು, ಗಾಜಿನ ಬಳೆ, ನಾಡಹೆಂಚು ಸಿಕ್ಕಿ, ತಳದಲ್ಲಿ ಅಚ್ಚಿನ ಅಕ್ಷರವುಳ್ಳ ಮಂಗಳೂರು ಹೆಂಚಿನ ಒಂದೇ ಒಂದು ತುಂಡು ಇತ್ತೆನ್ನಿ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಆರಂಭವಾದದ್ದು 1865ರಲ್ಲಿ. ಜೊತೆಯ ಬೋಕಿ ಅದಕ್ಕೂ ಹಿಂದಿನ ಕೆಳದಿ ಅರಸರ ಕಾಲದ್ದೇ ಆಗಿದ್ದರೂ ಗುಂಡಿ ಮುಚ್ಚಿದ್ದು ಆ ವರ್ಷದ ಈಚೆಗೇ. ಆ ತುಂಡನ್ನು ಹೆಗ್ಗಣದ ಬಿಲ ಕೆಳಗಿಳಿಸಿಲ್ಲವಷ್ಟೇ ಎಂದು ಮಾತ್ರ ನೋಡಿಕೊಳ್ಳಬೇಕು. ನಮ್ಮ ಹುಳಿಮಣ್ಣಿನಲ್ಲಿ ಎಲುಬು ಬೇಗ ಕರಗುವುದರಿಂದ, ಎಲುಬು ಸಿಗಲಿಲ್ಲವೆಂದು ಅಲ್ಲಿಯವರ ಊಟದ ಬಗ್ಗೆ ತೀರ್ಪು ಕೊಡಬಾರದು.

ಮುಚ್ಚಿದ ಬಾವಿ ಕಂಡರೆ ಹೆಚ್ಚಿನ ದಿನ ಮೀಸಲಿಡಬೇಕು. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಹಾಳುಬಾವಿಯೊಂದರ ಹೂಳು ತೆಗೆಸಿದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತವು. ಮಣ್ಣಿನಲ್ಲಿ ಸಿಡಿಮದ್ದಿನ ವಾಸನೆಯಿತ್ತು. ಬಾವಿಯ ಮಣ್ಣನ್ನು ಜರಡಿ ಹಿಡಿಯದೆ ಹೊರಗೆ ಸುರಿಯಬಾರದು, ಅಂಚಿಗೆ ಆಸರೆ ಕೊಡದೆ ಆಳು ಇಳಿಸಲೂಬಾರದು.

ಪಾಯದ ಆಳಕ್ಕಿಂತ ಕೆಳಗಿರುವ ಪದರಗಳನ್ನು ಮುಟ್ಟದೆ ಬಿಡುವುದು ಒಳ್ಳೆಯದು. ಅವುಗಳ ಮೇಲೆ ಬಟ್ಟೆಯಂಥ ಹಾಳೆ ಹಾಸಿ, ಆ ವರ್ಷದ ಒಂದು ರೂಪಾಯಿ ನಾಣ್ಯವನ್ನಿಟ್ಟು, ಮರಳು ತುಂಬಬೇಕು. ಮುಂದೆ ಅಗೆಯುವವರಿಗೆ ನಮ್ಮ ಗುಂಡಿಯ ಕಾಲ ತಿಳಿಯುವುದು ಆ ನಾಣ್ಯದಿಂದ.