ಬೆಳಿಗ್ಗೆ ಏಳೂಮುಕ್ಕಾಲಿಗೆ ಸರ್ವರ್‌ನ ನೆಟ್ ತಿನ್ನುತ್ತಿದ್ದದ್ದು ಯಾರು?

ಹಾಲಿನ ಡೇರಿಗಳ ಲೆಕ್ಕ ಇಡುವ ಒಂದು ಸಣ್ಣ ಆ್ಯಪ್ ಇದೆ. ಅದರ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹಳ್ಳಿಯಲ್ಲಿ ಹಾಲು ಹಾಕುವುದು ಬೆಳಿಗ್ಗೆ ಆರರಿಂದ ಎಂಟರ ತನಕ. ಆ ಎರಡು ಗಂಟೆ ಸರ್ವರ್‌ಗೆ ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಸಂಜೆವರೆಗೂ ನಿದ್ದೆ.

ಒಂದು ಸೋಮವಾರ 7:45ಕ್ಕೆ ಫೋನ್ ಬಂತು. ಡೇರಿಯೊಂದರ ಕಾರ್ಯದರ್ಶಿ. "ಸಾರ್, ಸ್ಲಿಪ್ಪೇ ಬರ್ತಿಲ್ಲ. ಜನ ಕ್ಯಾನ್ ಹಿಡ್ಕೊಂಡು ನಿಂತವ್ರೆ." ನಾನು ಎದ್ದು, ಲ್ಯಾಪ್‌ಟಾಪ್ ತೆರೆದು, ಲಾಗಿನ್ ಆಗುವ ಹೊತ್ತಿಗೆ ಎಂಟು ದಾಟಿತ್ತು. ಎಲ್ಲಾ ಸರಿಯಾಗಿತ್ತು. ಮಂಗಳವಾರ ಮತ್ತೆ ಅದೇ ಹೊತ್ತಿಗೆ ಅದೇ ಫೋನ್.

ಈ ಸಲ ಬೇಗ ಒಳಗೆ ಹೋಗಿ, ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಷ್ಟು ಸಿಪಿಯು, ಮೆಮೊರಿ ಬಳಸುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ಹಾಕಿದೆ. ಸಿಪಿಯು ಹೆಚ್ಚುಕಡಿಮೆ ಸುಮ್ನೆ ಕೂತಿತ್ತು. ಮೆಮೊರಿ ಬೇಕಾದಷ್ಟು ಖಾಲಿ ಇತ್ತು. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಹೊರಹೋಗುವ ಟ್ರಾಫಿಕ್‌ನ ಗ್ರಾಫ್ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. ಸೋಮವಾರದ ಗೆರೆ 7:40ರಿಂದ 8:05ರ ತನಕ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಹತ್ತಿರ, ಮೇಲಿಂದ ಕತ್ತರಿಸಿಟ್ಟ ಹಾಗೆ ಚಪ್ಪಟೆ. ನಮ್ಮ ಲೈನ್ ಇರುವುದೇ 100.

ಪೈಪ್ ತುಂಬಿದೆ, ಸರಿ. ತುಂಬುತ್ತಿರುವುದು ಯಾರು? ಇಲ್ಲಿ ನಾನು ತಡವರಿಸಿದೆ. ಸಿಪಿಯು ಯಾರು ತಿಂದರು ಎಂದರೆ ಟಾಪ್ ಹೆಸರು ಹೇಳುತ್ತದೆ. ನೆಟ್ ಯಾರು ತಿಂದರು ಎಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಹತ್ತಿರ ಸಿದ್ಧ ಉತ್ತರವೇ ಇಲ್ಲ. ಪ್ರತಿ ಇಂಟರ್ಫೇಸ್‌ಗೆ ಎಷ್ಟು ಬೈಟ್ ಹೋಯಿತು ಎಂದು ಅದು ಎಣಿಸುತ್ತದೆ. ಪ್ರತಿ ಟಿಸಿಪಿ ಸಂಪರ್ಕದ ಲೆಕ್ಕವೂ ಸಿಗುತ್ತದೆ. ಪ್ರೋಸೆಸ್ ಹೆಸರಲ್ಲಿ ಮಾತ್ರ ಖಾತೆ ತೆರೆದಿಲ್ಲ. ಟ್ಯಾಂಕರ್‌ಗೆ ಎಷ್ಟು ಲೀಟರ್ ಹೋಯಿತು ಅನ್ನೋದು ಗೊತ್ತು, ಯಾವ ಮನೆಯ ಹಾಲು ಎಷ್ಟು ಅಂತ ಬರೆದಿಟ್ಟಿಲ್ಲ, ಹಾಗೆ.

ನಾನು ಮೊದಲು ಬಿದ್ದ ಗುಂಡಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಬೀಳುವವರು ಜಾಸ್ತಿ. ಕರ್ನಲ್ ತನ್ನ ಲೆಕ್ಕಗಳನ್ನು ಫೈಲ್ ರೂಪದಲ್ಲಿ ತೋರಿಸುವ ಪ್ರಾಕ್ ಎಂಬ ಫೋಲ್ಡರ್ ಒಳಗೆ ಪ್ರತಿ ಪ್ರೋಸೆಸ್‌ಗೂ ಅದರ ನಂಬರ್‌ನ ಫೋಲ್ಡರ್ ಇರುತ್ತದೆ. ಅದರೊಳಗೆ ನೆಟ್, ಅದರೊಳಗೆ ಡೆವ್ ಎಂಬ ಫೈಲ್. ಆಹಾ, ಸಿಕ್ಕಿತು ಎಂದುಕೊಂಡು ಎಲ್ಲಾ ಪ್ರೋಸೆಸ್‌ಗಳ ಆ ಫೈಲ್ ಓದುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಓಡಿಸಿದರೆ ಎಲ್ಲದಕ್ಕೂ ಒಂದೇ ಅಂಕಿ! ನಿಗದಿತ ಹೊತ್ತಿಗೆ ಕೆಲಸ ಓಡಿಸುವ, ನೆಟ್ ಕಡೆ ತಲೆಯೇ ಹಾಕದ ಕ್ರಾನ್ ಕೂಡ 340 ಜಿಬಿ ಕಳಿಸಿದೆಯಂತೆ. ಆ ಫೈಲ್ ತೋರಿಸುವುದು ಪ್ರೋಸೆಸ್‌ನ ಲೆಕ್ಕ ಅಲ್ಲ, ಆ ಪ್ರೋಸೆಸ್ ಇರುವ ನೆಟ್‌ವರ್ಕ್ ನೇಮ್‌ಸ್ಪೇಸ್‌ನ (ಹಲವು ಪ್ರೋಸೆಸ್‌ಗಳು ಹಂಚಿಕೊಳ್ಳುವ ಪ್ರತ್ಯೇಕ ನೆಟ್ ಕೋಣೆಯ) ಲೆಕ್ಕ. ಒಂದೇ ನೇಮ್‌ಸ್ಪೇಸ್‌ನಲ್ಲಿ ಇರುವವರಿಗೆಲ್ಲ ಒಂದೇ ಅಂಕಿ ಬರಲೇಬೇಕು.

ಬುಧವಾರ ಐಎಫ್‌ಟಾಪ್ ಹಾಕಿ ಕಾದೆ. ಅದು ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಗುತ್ತಿದೆ ಅಂತ ತೋರಿಸುತ್ತದೆ, ಪ್ರೋಸೆಸ್ ಹೇಳುವುದಿಲ್ಲ. ಟ್ರಾಫಿಕ್ ಎಲ್ಲಾ ಹೋಗುತ್ತಿದ್ದದ್ದು ನಮ್ಮದೇ ಎರಡನೇ ಸರ್ವರ್‌ಗೆ. ಆ ಸರ್ವರ್ ಜೊತೆ ಇಲ್ಲಿಂದ ಮೂರ್ನಾಲ್ಕು ಪ್ರೋಗ್ರಾಂ ಮಾತಾಡುತ್ತವೆ. ನನ್ನ ಅನುಮಾನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ರೆಪ್ಲಿಕಾ (ನಕಲು) ಮೇಲೆ ಹೋಯಿತು. ಪಾಪ, ಅದನ್ನು ಎರಡು ಸಲ ರೀಸ್ಟಾರ್ಟ್ ಮಾಡಿದೆ. ಪೋರ್ಟ್ ನಂಬರ್ (ಯಾವ ಸೇವೆಯ ಸಂಪರ್ಕ ಎಂದು ಗುರುತಿಸುವ ಸಂಖ್ಯೆ) ತೋರಿಸುವ ದೊಡ್ಡಕ್ಷರ ಪಿ ಆಯ್ಕೆ ಕೊಟ್ಟಿದ್ದರೆ ಅಲ್ಲೇ ಅರ್ಧ ಉತ್ತರ ಸಿಗುತ್ತಿತ್ತು. ಹೊಳೆಯಲಿಲ್ಲ.

ಗುರುವಾರ ಪ್ರೋಸೆಸ್ ಹೆಸರಲ್ಲೇ ನೆಟ್ ಲೆಕ್ಕ ತೋರಿಸುವ ನೆಟ್‌ಹಾಗ್ಸ್ ಇನ್‌ಸ್ಟಾಲ್ ಮಾಡಿ, ಸುಡೊ ಹಾಕಿ (ರೂಟ್, ಅಂದರೆ ಎಲ್ಲಾ ಅಧಿಕಾರ ಇರುವ ಯೂಸರ್ ಆಗಿ) ಓಡಿಸಿ, ಕಾಫಿ ಹಿಡಿದು ಕೂತೆ. 7:40 ಆಯಿತು. ಮೊದಲ ಸಾಲಿಗೆ ಒಂದು ಹೆಸರು ಜಿಗಿದು ಬಂತು: ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರ್‌ಗೆ ಸುರಕ್ಷಿತ ಸಂಪರ್ಕ ಕೊಡುವ ಪ್ರೋಗ್ರಾಂ), ಯೂಸರ್ ರೂಟ್, ಸೆಂಟ್ ಕಾಲಂನಲ್ಲಿ ಸೆಕೆಂಡಿಗೆ 11,500 ಕೆಬಿ. ಇದು ಬೈಟ್ ಲೆಕ್ಕ. ಪ್ಯಾನೆಲ್‌ನ ಗ್ರಾಫ್ ಬಿಟ್ ಲೆಕ್ಕ. ಎಂಟರಿಂದ ಗುಣಿಸಿದರೆ 92,000 ಕಿಲೋಬಿಟ್, ಅಂದರೆ ಲೈನ್ ಪೂರ್ತಿ ಇವನದೇ. ಈ ಎಂಟರ ಗುಣಾಕಾರ ಮರೆತು "ಬರೀ 11 ತಾನೇ" ಎಂದು ಬಿಟ್ಟವರನ್ನು ನೋಡಿದ್ದೇನೆ.

ರೂಟ್ ಹೆಸರಲ್ಲಿ ಎಸ್‌ಎಸ್‌ಎಚ್, ಅದೂ ಹೊರಗೆ! ಯಾರೋ ಒಳಗೆ ನುಗ್ಗಿ ಡೇಟಾ ಸಾಗಿಸುತ್ತಿದ್ದಾರೆ ಎಂದು ಕೈ ತಣ್ಣಗಾಯಿತು. ಆ ತೆರೆ ಹೇಳಿದ್ದು ನಿಜವಾ ಅಂತ ಕೈಯಾರೆ ಪರೀಕ್ಷೆ ಮಾಡಿದೆ. ಪ್ರಾಕ್‌ನಲ್ಲಿ ಆ ಪ್ರೋಸೆಸ್ ತೆರೆದಿಟ್ಟಿದ್ದರ ಪಟ್ಟಿ ಇರುವ ಎಫ್‌ಡಿ ಫೋಲ್ಡರ್ ನೋಡಿದರೆ ಒಂದು ಕಡೆ ಸಾಕೆಟ್ (ನೆಟ್ ಸಂಪರ್ಕದ ತುದಿ) ಎಂದು ಬರೆದು, ಪಕ್ಕದಲ್ಲಿ ಅದರ ಗುರುತಿನ ಐನೋಡ್ ನಂಬರ್ ಇರುತ್ತದೆ. ಪ್ರಾಕ್‌ನ ನೆಟ್ ಒಳಗಿನ ಟಿಸಿಪಿ ಫೈಲ್‌ನಲ್ಲಿ ಅದೇ ಐನೋಡ್ ಹುಡುಕಿದೆ. ಆ ಸಾಲಿನಲ್ಲಿ ಆಚೆ ಕಡೆಯ ಪೋರ್ಟ್ 0016 ಎಂದಿತ್ತು. ಹದಿನಾರು ಅಲ್ಲ, ಅದು ಹೆಕ್ಸ್ (16ರ ಮೂಲದ ಅಂಕಿ). ಅಂದರೆ 22, ಎಸ್‌ಎಸ್‌ಎಚ್‌ನ ಪೋರ್ಟ್. ನೆಟ್‌ಹಾಗ್ಸ್ ಒಳಗೆ ಮಾಡುವುದೂ ಇದನ್ನೇ. ಹೋಗುವ ಪ್ಯಾಕೆಟ್ ಹಿಡಿದು, ಅದರ ವಿಳಾಸ ಮತ್ತು ಪೋರ್ಟ್ ನೋಡಿ, ಟಿಸಿಪಿ ಫೈಲ್‌ನಲ್ಲಿ ಐನೋಡ್ ಹುಡುಕಿ, ಆ ಐನೋಡ್ ಯಾವ ಪ್ರೋಸೆಸ್ ಹತ್ತಿರ ಇದೆ ಎಂದು ಗಂಟು ಹಾಕುತ್ತದೆ. ಅದಕ್ಕೇ ರೂಟ್ ಬೇಕು.

ಆಮೇಲೆ ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್‌ನಲ್ಲಿ ಇದರ ಅಪ್ಪ (ಇದನ್ನು ಶುರು ಮಾಡಿದ ಪ್ರೋಸೆಸ್) ಯಾರು ಎಂದು ಕೇಳಿದೆ. ಆರ್‌ಸಿಂಕ್, ಫೈಲ್‌ಗಳ ನಕಲು ಕಳಿಸುವ ಪ್ರೋಗ್ರಾಂ. ಅದರ ಅಪ್ಪ? ಬ್ಯಾಕಪ್ ಸ್ಕ್ರಿಪ್ಟ್. ಅದರ ಮೇಲೆ ಕ್ರಾನ್. ಸ್ಕ್ರಿಪ್ಟ್ ಬರೆದವನು ನಾನು.

ಆರ್‌ಸಿಂಕ್ ಎಸ್‌ಎಸ್‌ಎಚ್ ಮೂಲಕ ಕಳಿಸುವಾಗ ಸಾಕೆಟ್ ಇರುವುದು ಎಸ್‌ಎಸ್‌ಎಚ್ ಕೈಯಲ್ಲಿ. ಹಾಗಾಗಿ ಆರ್‌ಸಿಂಕ್ ಹೆಸರು ಪಟ್ಟಿಯಲ್ಲೇ ಬರುವುದಿಲ್ಲ.

ಹಿಂದಿನ ಭಾನುವಾರ ಸಂಜೆ ನಾನು ಬ್ಯಾಕಪ್ "ಅಚ್ಚುಕಟ್ಟು" ಮಾಡಿದ್ದೆ. ಮುಂಚೆ ಬಿಲ್ ಫೋಟೋಗಳ ಫೋಲ್ಡರ್ ಮತ್ತು ಡೇಟಾಬೇಸ್ ಡಂಪ್ ಹಾಗೇ ಹೋಗುತ್ತಿದ್ದವು. ಆರ್‌ಸಿಂಕ್ ಬದಲಾದ ಭಾಗ ಮಾತ್ರ ಕಳಿಸುತ್ತಿತ್ತು, ದಿನಕ್ಕೆ 200 ಎಂಬಿ ಆಸುಪಾಸು. ನಾನು ಎಲ್ಲವನ್ನೂ ಒಂದೇ ಟಾರ್ (ಕಟ್ಟು ಫೈಲ್) ಮಾಡಿ, ಜಿಜಿಪ್ ಹಾಕಿ ಕುಗ್ಗಿಸಿ, ಹೆಸರಲ್ಲಿ ತಾರೀಖು ಸೇರಿಸಿದೆ. ದಿನಾ ಹೊಸ ಹೆಸರು, ಅಂದರೆ ಆರ್‌ಸಿಂಕ್ ಪಾಲಿಗೆ ದಿನಾ ಹೊಸ ಫೈಲ್. ಪೂರ್ತಿ 16 ಜಿಬಿ ಹೊರಟಿತು. ಹೆಸರು ಒಂದೇ ಇಟ್ಟಿದ್ದರೂ ಹೆಚ್ಚು ಉಳಿಯುತ್ತಿರಲಿಲ್ಲ. ಜಿಜಿಪ್‌ನಲ್ಲಿ ನಡುವೆ ಒಂದು ಚೂರು ಬದಲಾದರೆ ಅಲ್ಲಿಂದ ಮುಂದೆ ಎಲ್ಲಾ ಬೇರೆಯೇ ಆಗುತ್ತದೆ. ಆರ್‌ಸಿಂಕೇಬಲ್ ಎಂಬ ಆಯ್ಕೆ ಕೊಟ್ಟರೆ ಮಾತ್ರ ತಪ್ಪುತ್ತದೆ. ಇನ್ನು ಫೋಟೋಗಳನ್ನು ಜಿಜಿಪ್ ಮಾಡಿ ಏನು ಲಾಭ, ಅವು ಮೊದಲೇ ಕುಗ್ಗಿಸಿದ ಫೈಲ್‌ಗಳು ಅಲ್ವಾ?

ರಾತ್ರಿ ಎರಡಕ್ಕೆ ಓಡಲಿ ಎಂದು ಕ್ರಾನ್‌ನಲ್ಲಿ 2 ಹಾಕಿದ್ದೆ. ಸರ್ವರ್ ಗಡಿಯಾರ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಎರಡಾದರೆ ನಮಗೆ ಬೆಳಿಗ್ಗೆ ಏಳೂವರೆ. ಟಾರ್ ಕಟ್ಟಲು ಹತ್ತು ನಿಮಿಷ, 7:40ಕ್ಕೆ ಸಾಗಾಟ ಶುರು. ಎಷ್ಟೋ ತಿಂಗಳಿಂದ ಇದೇ ಹೊತ್ತಿಗೆ ಓಡುತ್ತಿತ್ತು. 200 ಎಂಬಿ ಇದ್ದಾಗ ಯಾರಿಗೂ ತಿಳಿಯಲಿಲ್ಲ, ಅಷ್ಟೇ.

ಟಾರ್ ತೆಗೆದು ಹಳೆಯ ದಾರಿಗೆ ಬಂದೆ. ಸಮಯ ಯುಟಿಸಿ 20:30 ಮಾಡಿದೆ, ನಮಗೆ ರಾತ್ರಿ ಎರಡು. ಆರ್‌ಸಿಂಕ್‌ಗೆ ಬಿಡಬ್ಲ್ಯೂಲಿಮಿಟ್ 4000 ಕೊಟ್ಟೆ, ಸೆಕೆಂಡಿಗೆ ಸುಮಾರು 4 ಎಂಬಿ ದಾಟದ ಹಾಗೆ.

ಇಷ್ಟಾದರೂ ಇನ್ನೊಮ್ಮೆ ಕಾಫಿ ಹಿಡಿದು ಕಾಯುವ ಮನಸ್ಸಿರಲಿಲ್ಲ. ನೆಟ್‌ಹಾಗ್ಸ್ ನಾವು ನೋಡುತ್ತಿರುವಾಗ ಮಾತ್ರ ಹೇಳುತ್ತದೆ. ಹಾಗಾಗಿ ಬ್ಯಾಕಪ್ ಅನ್ನು ಕ್ರಾನ್‌ನಿಂದ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಟೈಮರ್‌ಗೆ ಬದಲಿಸಿ, ಸರ್ವಿಸ್ ಫೈಲ್‌ನಲ್ಲಿ ಐಪಿಅಕೌಂಟಿಂಗ್ ಯೆಸ್ ಎಂದು ಒಂದು ಸಾಲು ಸೇರಿಸಿದೆ. 2017ರಲ್ಲಿ ಬಂದ 235ನೇ ಆವೃತ್ತಿಯಿಂದ ಇದು ಇದೆ, ಸಿಗ್ರೂಪ್ (ಪ್ರೋಸೆಸ್‌ಗಳನ್ನು ಗುಂಪು ಮಾಡುವ ಕರ್ನಲ್ ಸೌಲಭ್ಯ) ಎರಡನೇ ಆವೃತ್ತಿ ಇರಬೇಕು. ನನಗೆ ಇದೇ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಲೆಕ್ಕ ಇಡೀ ಸರ್ವಿಸ್‌ನದು. ಸ್ಕ್ರಿಪ್ಟ್, ಆರ್‌ಸಿಂಕ್, ಎಸ್‌ಎಸ್‌ಎಚ್ ಎಲ್ಲಾ ಒಂದೇ ಬುಟ್ಟಿಗೆ ಬೀಳುತ್ತವೆ, ಅಪ್ಪ-ಮಗನ ಸಂಬಂಧ ಹುಡುಕಬೇಕಿಲ್ಲ. ಕೆಲಸ ಮುಗಿದಾಗ ಎಷ್ಟು ಕಳಿಸಿತು, ಎಷ್ಟು ಪಡೆಯಿತು ಎಂದು ಜರ್ನಲ್‌ನಲ್ಲಿ ತಾನೇ ಬರೆದು ಹೋಗುತ್ತದೆ.

ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಸರ್ವರ್ ಆದರೆ ಎಸ್‌ಎಸ್ ಕಮಾಂಡ್‌ಗೆ ಟಿ, ಐ, ಎನ್, ಪಿ ಆಯ್ಕೆ ಕೊಡಿ. ಪ್ರತಿ ಟಿಸಿಪಿ ಸಂಪರ್ಕದ ಬೈಟ್ ಲೆಕ್ಕವೂ ಪ್ರೋಸೆಸ್ ಹೆಸರೂ ಬರುತ್ತವೆ. ಎರಡು ಸಲ ಓಡಿಸಿ ಕಳೆದರೆ ಆಯಿತು. ಕಣ್ಣು ಮಿಟುಕಿಸುವುದರಲ್ಲಿ ಹುಟ್ಟಿ ಸಾಯುವ ಪ್ರೋಸೆಸ್‌ಗಳು ಇದರಲ್ಲೂ ನೆಟ್‌ಹಾಗ್ಸ್‌ನಲ್ಲೂ ತಪ್ಪಿಸಿಕೊಳ್ಳುತ್ತವೆ. ಅವಕ್ಕೆ ಬಿಸಿಸಿ ಪೊಟ್ಟಣದ ಟಿಸಿಪಿಲೈಫ್ ಸರಿ. ಸಂಪರ್ಕ ಮುಚ್ಚಿದಾಗ ಹೆಸರು ಸಮೇತ ಒಂದು ಸಾಲು ಬರೆಯುತ್ತದೆ.

ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಇರುವ ಕಡೆ ನೆಟ್‌ಹಾಗ್ಸ್ "ಅನ್‌ನೋನ್ ಟಿಸಿಪಿ" ಅಂತ ದೊಡ್ಡ ಅಂಕಿ ತೋರಿಸಿದರೆ ಗಾಬರಿ ಬೇಡ. ಕಂಟೇನರ್‌ನ ಸಾಕೆಟ್ ಬೇರೆ ನೇಮ್‌ಸ್ಪೇಸ್‌ನಲ್ಲಿದೆ, ನನ್ನ ಹತ್ತು ಸಾಲಿನ ಸ್ಕ್ರಿಪ್ಟ್ ಎಡವಿದ್ದೂ ಈ ನೇಮ್‌ಸ್ಪೇಸ್ ವಿಷಯಕ್ಕೇ. ಎನ್‌ಎಸ್‌ಎಂಟರ್ ಬಳಸಿ ಅದರೊಳಗೆ ಹೋಗಿ ಅಲ್ಲಿಂದ ನೆಟ್‌ಹಾಗ್ಸ್ ಓಡಿಸಿ, ಹೆಸರು ಬರುತ್ತದೆ.